ಭಾನುವಾರ ಬೆಳಿಗ್ಗೆ ಹಾಯಿ ಏರಿಸುವವರು

ಇಂಗ್ಲೆಂಡಿನ ಡಿಂಗಿ ಕ್ಲಬ್‌ಗಳಲ್ಲಿ ರೇಸ್ ನಡೆಯುವ ಬಗೆ, ಸೇರುವ ದಾರಿ ಮತ್ತು ದಡದ ಮೇಲಿನ ಬದುಕು

ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿಯುವಾಗಲೋ ಏರುವಾಗಲೋ ಕಿಟಕಿ ಪಕ್ಕ ಕೂತವರಿಗೆ ಎತ್ತರದ ಏರಿ ಕಟ್ಟಿದ ದೊಡ್ಡ ದೊಡ್ಡ ಕೆರೆಗಳು ಕಾಣುತ್ತವೆ. ಕ್ವೀನ್ ಮೇರಿ, ಕ್ವೀನ್ ಮದರ್ ಎಂಬ ಹೆಸರಿನ ಈ ಜಲಾಶಯಗಳ ನೀರೇ ಲಂಡನ್ನಿನ ನಲ್ಲಿಗಳಿಗೆ ಹೋಗುವುದು. ಭಾನುವಾರವಾದರೆ ಆ ನೀರಿನ ಮೇಲೆ ಬಿಳಿ ಹಾಯಿಗಳ ಗುಂಪೊಂದು ಒಂದೇ ಕಡೆಗೆ ವಾಲಿಕೊಂಡು ಓಡುತ್ತಿರುತ್ತದೆ. ಅದು ಕ್ಲಬ್ಬಿನ ಡಿಂಗಿ ರೇಸ್.

ಡಿಂಗಿ ಎಂದರೆ ಎಂಜಿನ್ ಇಲ್ಲದ, ಒಬ್ಬರೋ ಇಬ್ಬರೋ ಕೂರುವ, ತೆರೆದ ಪುಟ್ಟ ಹಾಯಿದೋಣಿ. ಎಲ್ಲ ಕಡೆ ಕಾಣಸಿಗುವ ಲೇಸರ್ ದೋಣಿಯ ಒಡಲು 59 ಕಿಲೋ ತೂಗುತ್ತದೆ. ಇಬ್ಬರು ಸೇರಿದರೆ ಎತ್ತಿ ಗಾಡಿಯ ಮೇಲಿಡಬಹುದು. ಇಂಥ ದೋಣಿಗಳ ಕ್ಲಬ್‌ಗಳು ಬ್ರಿಟನ್ನಿನ ಉದ್ದಗಲಕ್ಕೂ ಇವೆ. ಸಮುದ್ರ ತೀರದಲ್ಲಿ ಇರುವಂತೆಯೇ ಜಲಾಶಯಗಳಲ್ಲಿ, ನದಿಗಳಲ್ಲಿ, ಜಲ್ಲಿ ತೆಗೆದು ಬಿಟ್ಟ ಹೊಂಡಗಳಲ್ಲೂ ಇವೆ. ರೆಡಿಂಗ್, ಮಿಲ್ಟನ್ ಕೀನ್ಸ್, ಬರ್ಮಿಂಗ್‌ಹ್ಯಾಮ್ ಕಡೆ ಕೆಲಸಕ್ಕೆಂದು ನೆಲೆಸಿರುವ ಕನ್ನಡಿಗರ ಮನೆಯಿಂದಲೂ ಒಂದು ಕ್ಲಬ್ ಹೆಚ್ಚು ದೂರವಿರುವುದಿಲ್ಲ. ಆದರೂ ನಮ್ಮವರು ಅತ್ತ ಹೆಜ್ಜೆ ಹಾಕುವುದು ಕಡಿಮೆ. ಹಾಯಿದೋಣಿ ಸಿರಿವಂತರ ಷೋಕಿ ಎಂಬ ಭಾವನೆ ಒಂದು ಕಾರಣ. ದೊಡ್ಡ ಯಾಟ್‌ಗಳ ವಿಷಯದಲ್ಲಿ ಅದು ಸುಳ್ಳೇನಲ್ಲ. ಡಿಂಗಿ ಕ್ಲಬ್ಬಿನ ಮಾತು ಬೇರೆ: ಅಲ್ಲಿ ನಿಮ್ಮಿಂದ ಹಣಕ್ಕಿಂತ ಹೆಚ್ಚಾಗಿ ಕೈಕೆಲಸ ಕೇಳುತ್ತಾರೆ. ಸರದಿ ಬಂದಾಗ ದುಡಿಯುವವನು ವರ್ಷದೊಳಗೆ ಅಲ್ಲಿನವನಾಗುತ್ತಾನೆ. ಬರೀ ಚಂದಾ ಕಟ್ಟಿದವನು ಹತ್ತು ವರ್ಷವಾದರೂ ಹೊರಗಿನವನೇ.

ಪ್ಲೈವುಡ್ಡಿನಿಂದ ಬಂದ ಆಟ

ಈ ಆಟ ಸಾಮಾನ್ಯರ ಕೈಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಯುದ್ಧಕಾಲದಲ್ಲಿ ವಿಮಾನ ಕಟ್ಟಲು ಬಳಕೆಗೆ ಬಂದ, ನೀರಿಗೆ ಬಿಡದ ಅಂಟು ಮತ್ತು ಒಳ್ಳೆಯ ಪ್ಲೈವುಡ್ ಮಾರುಕಟ್ಟೆಯಲ್ಲಿ ಸಿಗತೊಡಗಿದವು. ಜ್ಯಾಕ್ ಹೋಲ್ಟ್ ಎಂಬ ವಿನ್ಯಾಸಕಾರ ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳಬಹುದಾದ ದೋಣಿಗಳನ್ನು ಒಂದರ ಮೇಲೊಂದು ರೂಪಿಸಿದ. 1949ರಲ್ಲಿ ಜಿಪಿ14 ಬಂತು. 1956ರಲ್ಲಿ ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಯ ಬೆಂಬಲದಿಂದ ನೀಲಿ ಹಾಯಿಯ ಎಂಟರ್‌ಪ್ರೈಸ್ ಬಂತು. 1963ರಲ್ಲಿ ‘ಡೈಲಿ ಮಿರರ್’ ಪತ್ರಿಕೆ ತನ್ನ ಹೆಸರಿನಲ್ಲೇ ಕೆಂಪು ಹಾಯಿಯ ಮಿರರ್ ದೋಣಿಯನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಿತು. ಬೆಲೆ 63 ಪೌಂಡ್ 11 ಶಿಲಿಂಗ್. ಪ್ಲೈವುಡ್ ಹಲಗೆಗಳ ಅಂಚನ್ನು ತಾಮ್ರದ ತಂತಿಯಿಂದ ಹೊಲಿದು, ಮೇಲೆ ಫೈಬರ್ ಪಟ್ಟಿ ಅಂಟಿಸಿದರೆ ದೋಣಿ ಸಿದ್ಧ. ಬಡಗಿ ಕೆಲಸ ಬಾರದ ಶಾಲಾ ಮೇಷ್ಟರು, ಗುಮಾಸ್ತರು ಕೂಡ ಕಟ್ಟಿಕೊಂಡರು; ಅಂಥ ದೋಣಿಗಳ ಸಂಖ್ಯೆ 70 ಸಾವಿರದ ಆಸುಪಾಸು ಮುಟ್ಟಿತು. ದೋಣಿಗಳು ಹೆಚ್ಚಾದಂತೆ ಕ್ಲಬ್‌ಗಳೂ ಹೆಚ್ಚಾದವು. ಆಗ ದೋಣಿಯನ್ನು ತಾವೇ ಕಟ್ಟಿಕೊಂಡ ಜನ ಕ್ಲಬ್ಬನ್ನೂ ತಾವೇ ಕಟ್ಟಿಕೊಂಡರು. ಆ ಗುಣ ಇಂದಿಗೂ ಉಳಿದಿದೆ.

ಪ್ಲೈವುಡ್ಡಿನ ನಂತರ ಫೈಬರ್‌ಗ್ಲಾಸ್ ಬಂತು. ಕೆನಡಾದ ಬ್ರೂಸ್ ಕರ್ಬಿ ರೂಪಿಸಿದ ಲೇಸರ್ 1971ರಲ್ಲಿ ಮಾರುಕಟ್ಟೆಗೆ ಬಂದು ಎರಡು ಲಕ್ಷಕ್ಕೂ ಮೀರಿ ತಯಾರಾಯಿತು, 1996ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಈಗ ಅದರ ಅಧಿಕೃತ ಹೆಸರು ಐಎಲ್‌ಸಿಎ. ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ ಗೆದ್ದ ಬೆನ್ ಐನ್‌ಸ್ಲಿ ಹಾಯಿ ಹಿಡಿಯಲು ಕಲಿತದ್ದು ಕಾರ್ನ್‌ವಾಲ್‌ನ ರೆಸ್ಟ್ರಾಂಗೆಟ್ ಎಂಬ ಹಳ್ಳಿಗಾಡಿನ ಕ್ಲಬ್ಬಿನಲ್ಲಿ, ಮಕ್ಕಳ ಆಪ್ಟಿಮಿಸ್ಟ್ ದೋಣಿಯಲ್ಲಿ.

ಆರಂಭದ ಐದು ನಿಮಿಷ

ಓಟದ ಸ್ಪರ್ಧೆಯಲ್ಲಿ ಎಲ್ಲರೂ ಗೆರೆಯ ಹಿಂದೆ ನಿಂತಿರುತ್ತಾರೆ. ಹಾಯಿದೋಣಿಗೆ ಬ್ರೇಕ್ ಇಲ್ಲ, ನಿಲ್ಲು ಎಂದರೆ ನಿಲ್ಲದು. ಹಾಗಾಗಿ ಆರಂಭವೇ ಒಂದು ಆಟ. ರೇಸ್ ಅಧಿಕಾರಿಯ ಗುಡಿಸಲಿನ ಅಥವಾ ದೋಣಿಯ ಬಾವುಟದ ಕಂಬಕ್ಕೂ ನೀರಿನಲ್ಲಿ ಲಂಗರು ಹಾಕಿ ನಿಲ್ಲಿಸಿದ ಬಣ್ಣದ ಗುಂಡಿಗೂ ನಡುವೆ ಒಂದು ಗೆರೆ ಇದೆ ಎಂದುಕೊಳ್ಳಬೇಕು. ಇಂಥ ಗುಂಡುಗಳಿಗೆ ಮಾರ್ಕ್ ಎನ್ನುತ್ತಾರೆ.

ಐದು ನಿಮಿಷ ಇರುವಾಗ ಹಾರ್ನ್ ಕೂಗಿ ಒಂದು ಬಾವುಟ ಮೇಲೇರುತ್ತದೆ. ನಾಲ್ಕು ನಿಮಿಷಕ್ಕೆ ಇನ್ನೊಂದು: ನೀಲಿ ಬಣ್ಣದ ನಡುವೆ ಬಿಳಿ ಚೌಕವಿರುವ ‘ಪಿ’ ಬಾವುಟ. ಒಂದು ನಿಮಿಷ ಉಳಿದಾಗ ಅದು ಕೆಳಗಿಳಿಯುತ್ತದೆ. ಸೊನ್ನೆಗೆ ಮೊದಲ ಬಾವುಟವೂ ಇಳಿದು ಹಾರ್ನ್ ಕೂಗಿದರೆ ರೇಸ್ ಶುರು. ಸಮಯ ಉಳಿಸಲು ಮೂರು ನಿಮಿಷದ ಕ್ರಮ ಇಟ್ಟುಕೊಂಡ ಕ್ಲಬ್‌ಗಳೂ ಇವೆ. ಈ ಹೊತ್ತಿನಲ್ಲಿ ದೋಣಿಗಳು ಗೆರೆಯ ಹಿಂದೆ ಸುತ್ತುತ್ತಾ ಜಾಗ ಹುಡುಕುತ್ತವೆ. ಕೊನೆಯ ಮೂವತ್ತು ಸೆಕೆಂಡು ಹಾಯಿಗಳು ಪಟಪಟ ಹೊಡೆದುಕೊಳ್ಳುತ್ತಿರುತ್ತವೆ, ಕೂಗಾಟ ನಡೆದಿರುತ್ತದೆ, ಎಲ್ಲರ ಕಣ್ಣೂ ಕೈಗಡಿಯಾರದ ಮೇಲೆ. ಹತ್ತು ಸೆಕೆಂಡು ಇರುವಾಗ ಹಗ್ಗ ಎಳೆದು ಹಾಯಿ ಬಿಗಿಮಾಡಿ, ದೋಣಿ ಓಟ ಹಿಡಿದ ಕ್ಷಣಕ್ಕೇ ಗೆರೆ ದಾಟುವವನು ಜಾಣ. ಮೊದಲೇ ದಾಟಿದವನಿಗೆ ಇನ್ನೊಂದು ಹಾರ್ನ್, ನೀಲಿ ಶಿಲುಬೆಯ ಬಿಳಿ ಬಾವುಟ. ಅವನು ವಾಪಸ್ ಬಂದು ಮತ್ತೆ ದಾಟಬೇಕು.

ಹೊಸಬರಿಗೆ ಒಂದು ಸಲಹೆ: ಮೊದಲ ಕೆಲವು ರೇಸ್‌ಗಳಲ್ಲಿ ಗುಂಪಿನ ನಡುವೆ ನುಗ್ಗಬೇಡಿ. ಹತ್ತು ಸೆಕೆಂಡು ತಡವಾಗಿ, ಗೆರೆಯ ಖಾಲಿ ತುದಿಯಿಂದ ಹೊರಡಿ. ಕಳೆದುಕೊಳ್ಳುವುದು ಅಲ್ಪ, ನಿಮ್ಮ ದೋಣಿಯೂ ಪಕ್ಕದವರ ದೋಣಿಯೂ ಗೀಚಿಲ್ಲದೆ ಉಳಿಯುತ್ತವೆ.

ಹೊರಟ ಮೇಲೆ ಮೊದಲ ಮಾರ್ಕ್ ಸಾಮಾನ್ಯವಾಗಿ ಗಾಳಿ ಬರುವ ದಿಕ್ಕಿನಲ್ಲಿರುತ್ತದೆ. ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಸಾಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಏರಬೇಕು. ಯಾವಾಗ ತಿರುಗಬೇಕು ಎಂಬುದರಲ್ಲೇ ಅರ್ಧ ರೇಸ್ ಇದೆ. ಮರಗಳ ಸಾಲು, ಏರಿ, ಕಟ್ಟಡಗಳ ನಡುವಿನ ಸಣ್ಣ ಕೆರೆಗಳಲ್ಲಂತೂ ಗಾಳಿ ಗಳಿಗೆಗೊಂದು ದಿಕ್ಕು ಹಿಡಿಯುತ್ತದೆ. ಮೂವತ್ತು ವರ್ಷದಿಂದ ಅದೇ ನೀರಿನಲ್ಲಿ ಸುತ್ತಿದ ಹಿರಿಯರು ಹಳೇ ದೋಣಿಯಲ್ಲೇ ಹುಡುಗರನ್ನು ಸೋಲಿಸುವುದು ಈ ಕಾರಣಕ್ಕೆ.

ರೆಫರಿ ಇಲ್ಲದ ಮೈದಾನ

ನೀರಿನ ಮೇಲೆ ಸೀಟಿ ಊದುವವರು ಯಾರೂ ಇಲ್ಲ. ತಪ್ಪು ಮಾಡಿದವನು ತಾನೇ ಒಪ್ಪಿಕೊಂಡು ಶಿಕ್ಷೆ ತೆಗೆದುಕೊಳ್ಳಬೇಕು ಎಂಬುದು ನಿಯಮ ಪುಸ್ತಕದ ಅಡಿಪಾಯ. ಜಗತ್ತಿಗೆಲ್ಲ ಒಂದೇ ಆದ ಈ ಪುಸ್ತಕ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತದೆ, ಈಗಿನದು 2025–2028ರದು. ಪೂರ್ತಿ ಓದಲು ಸಮಯ ಬೇಕು. ಮೊದಲ ದಿನಕ್ಕೆ ಇಷ್ಟು ಗೊತ್ತಿದ್ದರೆ ಸಾಕು:

* ಗಾಳಿ ಎಡಬದಿಯಿಂದ ಬೀಳುತ್ತಿರುವ ದೋಣಿ, ಬಲಬದಿಯಿಂದ ಬೀಳುತ್ತಿರುವ ದೋಣಿಗೆ ದಾರಿ ಬಿಡಬೇಕು. ‘ಸ್ಟಾರ್‌ಬೋರ್ಡ್!’ ಎಂಬ ಕೂಗು ಕೇಳಿದರೆ ಮೊದಲು ಇದನ್ನು ನೋಡಿಕೊಳ್ಳಿ.
* ಇಬ್ಬರಿಗೂ ಗಾಳಿ ಒಂದೇ ಬದಿಯದಾಗಿದ್ದು ಅಕ್ಕಪಕ್ಕ ಇದ್ದರೆ, ಗಾಳಿಯ ಕಡೆಗಿರುವವನು ಇನ್ನೊಬ್ಬನಿಗೆ ದಾರಿ ಬಿಡಬೇಕು.
* ಹಿಂದಿನಿಂದ ಬಂದವನು ಮುಂದಿನವನಿಗೆ ತಾಗಬಾರದು.
* ಮಾರ್ಕ್‌ನಿಂದ ಮೂರು ದೋಣಿಯುದ್ದದೊಳಗೆ ಬಂದಾಗ ಒಳಬದಿಯಲ್ಲಿರುವವನಿಗೆ ಸುತ್ತಲು ಜಾಗ ಕೊಡಬೇಕು.

ಇವುಗಳಲ್ಲಿ ತಪ್ಪಿದರೆ ಬದಿಗೆ ಸರಿದು ಎರಡು ಪೂರ್ತಿ ಸುತ್ತು ಹಾಕಬೇಕು. ಮಾರ್ಕ್ ತಾಗಿದರೆ ಒಂದು ಸುತ್ತು, ಅದನ್ನು ಯಾರೂ ನೋಡದಿದ್ದರೂ. ಒಪ್ಪದಿದ್ದವರ ಮೇಲೆ ‘ಪ್ರೊಟೆಸ್ಟ್’ ಎಂದು ಕೂಗಿ ದಡದಲ್ಲಿ ಲಿಖಿತ ದೂರು ಕೊಡಬಹುದು. ಕ್ಲಬ್ ಮಟ್ಟದಲ್ಲಿ ಅದು ಅಪರೂಪ. ಬಹುಪಾಲು ಜಗಳ ಚಹಾ ಮೇಜಿನ ಮೇಲೆ ತೀರುತ್ತದೆ.

ಹಿಂದೆ ಬಂದವರು ಗೆಲ್ಲುವ ಲೆಕ್ಕ

ಹನ್ನೆರಡು ವರ್ಷದ ಹುಡುಗಿಯ ಪುಟ್ಟ ಟಾಪರ್, ಗಂಡ-ಹೆಂಡತಿಯ ಹಳೆಯ ಎಂಟರ್‌ಪ್ರೈಸ್, ಹೊಸ ಕಾರ್ಬನ್ ಕಂಬದ ದುಬಾರಿ ದೋಣಿ — ಎಲ್ಲ ಒಂದೇ ರೇಸ್‌ನಲ್ಲಿ ಹೊರಡುತ್ತವೆ. ಇದಕ್ಕೆ ಅನುವು ಮಾಡಿಕೊಟ್ಟದ್ದು ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಎಂಬ ಕ್ರಮ. ಬ್ರಿಟನ್ನಿನ ಹಾಯಿದೋಣಿ ಸಂಸ್ಥೆ ಆರ್‌ವೈಎ, ಕ್ಲಬ್‌ಗಳು ಕಳಿಸುವ ಫಲಿತಾಂಶಗಳ ಆಧಾರದ ಮೇಲೆ ಪ್ರತಿ ಮಾದರಿಗೂ ಒಂದು ಸಂಖ್ಯೆ ಗೊತ್ತುಮಾಡುತ್ತದೆ. ದೋಣಿ ನಿಧಾನವಾದಷ್ಟೂ ಸಂಖ್ಯೆ ದೊಡ್ಡದು. ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ತಿದ್ದಿದ ಸಮಯ ಸಿಗುತ್ತದೆ.

ಒಂದು ಉದಾಹರಣೆ. ದೊಡ್ಡ ಹಾಯಿಯ ಲೇಸರ್‌ನ ಸಂಖ್ಯೆ ಸುಮಾರು 1100. ಟಾಪರ್‌ನದು ಸುಮಾರು 1370. ಲೇಸರ್ 55 ನಿಮಿಷದಲ್ಲಿ ಮುಗಿಸಿತು, ತಿದ್ದಿದ ಸಮಯ 50 ನಿಮಿಷ. ಟಾಪರ್‌ನ ಹುಡುಗಿ 66 ನಿಮಿಷಕ್ಕೆ ಬಂದಳು, ತಿದ್ದಿದ ಸಮಯ 48 ನಿಮಿಷ 10 ಸೆಕೆಂಡು. ಲೇಸರ್‌ನವನು ಬಟ್ಟೆ ಬದಲಿಸಿ ಬಿಸಿ ಚಹಾ ಹಿಡಿದು ಕೂತಾಗ, ಹನ್ನೊಂದು ನಿಮಿಷ ಹಿಂದೆ ಬಂದ ಹುಡುಗಿ ಗೆದ್ದಳೆಂಬ ಸುದ್ದಿ ಬರುತ್ತದೆ. ಹಾಗಾಗಿ ಗೆಲ್ಲಲಿಕ್ಕೆ ವೇಗದ ದೋಣಿಯೇ ಬೇಕೆಂದಿಲ್ಲ. ಇರುವ ದೋಣಿಯನ್ನು ಚೆನ್ನಾಗಿ ಓಡಿಸಿದರಾಯಿತು. ಸೋತವರು ‘ನಮ್ಮ ಸಂಖ್ಯೆಯೇ ಸರಿಯಿಲ್ಲ’ ಎಂದು ಗೊಣಗುವುದೂ ಈ ಆಟದ ಭಾಗವೇ.

ಅಂಕ ಕೊಡುವುದು ತಲೆಕೆಳಗು: ಮೊದಲ ಸ್ಥಾನಕ್ಕೆ ಒಂದು, ಎರಡನೆಯದಕ್ಕೆ ಎರಡು, ಕೊನೆಗೆ ಕಡಿಮೆ ಅಂಕದವನೇ ಗೆದ್ದವನು. ಸರಣಿಯಲ್ಲಿ ಕೆಲವು ಕೆಟ್ಟ ಫಲಿತಾಂಶಗಳನ್ನು ಬಿಟ್ಟು ಲೆಕ್ಕ ಹಾಕುವುದರಿಂದ ಹಬ್ಬಕ್ಕೋ ಮದುವೆಗೋ ಎರಡು ವಾರ ತಪ್ಪಿದರೂ ನಷ್ಟವಿಲ್ಲ.

ಸರದಿ ಎಂಬ ಚಂದಾ

ರೇಸ್ ಒಂದಕ್ಕೆ ಏನೇನು ಬೇಕು? ಗಾಳಿ ನೋಡಿ ದಾರಿ ಹಾಕಲು ಆ ದಿನದ ಅಧಿಕಾರಿ, ಅವರಿಗೊಬ್ಬ ಸಹಾಯಕ, ಮೋಟಾರ್ ಇರುವ ರಕ್ಷಣಾ ದೋಣಿಗೆ ಇಬ್ಬರು, ಅಡುಗೆಮನೆಗೆ ಒಬ್ಬಿಬ್ಬರು. ಬಹುಪಾಲು ಕ್ಲಬ್‌ಗಳಲ್ಲಿ ಇವರ್ಯಾರಿಗೂ ಸಂಬಳವಿಲ್ಲ. ಸದಸ್ಯರೇ ವರ್ಷಕ್ಕೆ ಕೆಲವು ಸಲ ಸರದಿಯಂತೆ ಮಾಡುತ್ತಾರೆ. ಕಮೋಡೋರ್ ಎಂಬ ಠೀವಿಯ ಹೆಸರಿನ ಅಧ್ಯಕ್ಷರು ಕೂಡ ಮಾರ್ಚ್‌ನಲ್ಲಿ ಕ್ಲಬ್ಬಿನ ಬೇಲಿಗೆ ಬಣ್ಣ ಬಳಿಯುತ್ತಿರುತ್ತಾರೆ.

ಹೊಸ ಸದಸ್ಯರು ಸರದಿ ಎಂದರೆ ಹೆದರುತ್ತಾರೆ. ಹೆದರಬೇಕಿಲ್ಲ, ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸಹಾಯಕರಾಗಿ ಗುಡಿಸಲಿನಲ್ಲಿ ಕೂರಿ. ಒಬ್ಬರು ಹಾಯಿಯ ಮೇಲಿನ ಸಂಖ್ಯೆ ಓದಿ ಹೇಳಿದಂತೆ ನೀವು ಸಮಯ ಬರೆದುಕೊಳ್ಳಬೇಕು. ಮಳೆ ಹನಿ ಕೂತ ಗಾಜಿನಾಚೆ ನಾಲ್ಕು ದೋಣಿ ಒಟ್ಟಿಗೆ ಬಂದಾಗ ಒಂದು ಸಂಖ್ಯೆ ತಪ್ಪಿಯೇ ತಪ್ಪುತ್ತದೆ; ಅದಕ್ಕೆಂದೇ ಪಕ್ಕದಲ್ಲಿ ಇನ್ನೊಬ್ಬರು ಅದೇ ಪಟ್ಟಿಯನ್ನು ಬರೆಯುತ್ತಿರುತ್ತಾರೆ. ಮೇಲಿನಿಂದ ನೋಡುವಾಗ ಯಾರು ಎಲ್ಲಿ ತಿರುಗಿದರು, ಯಾವ ದಡದ ಗಾಳಿ ಗೆಲ್ಲಿಸಿತು ಎಂಬುದು ನಕಾಶೆಯಂತೆ ಬಿಚ್ಚಿಕೊಳ್ಳುತ್ತದೆ. ರೇಸ್ ಮುಗಿಸಿ ಬಂದವರು ‘ಥ್ಯಾಂಕ್ಸ್ ಫಾರ್ ದ ರೇಸ್’ ಎಂದು ಹೇಳಿಹೋಗುವುದು ವಾಡಿಕೆ. ನಿಮ್ಮ ಹೆಸರು ಎಲ್ಲರಿಗೂ ಗೊತ್ತಾಗುವುದು ಅಲ್ಲಿಯೇ. ಸರಣಿಯಲ್ಲಿ ಸ್ಪರ್ಧಿಸುತ್ತಿದ್ದರೆ, ಸರದಿಯಿಂದ ತಪ್ಪಿದ ರೇಸ್‌ಗೆ ಸರಾಸರಿ ಅಂಕ ಕೊಡುವ ಪದ್ಧತಿಯೂ ಹಲವೆಡೆ ಇದೆ.

ದಡದ ಮೇಲೆ

ಬೇಸಿಗೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟುತ್ತದೆ. ಹಾಗಾಗಿ ವಾರದ ನಡುವೆ ಒಂದು ಸಂಜೆ, ಆಫೀಸ್ ಮುಗಿಸಿ ಬಂದವರಿಗೆಂದು ರೇಸ್ ಇರುತ್ತದೆ. ಭಾನುವಾರ ಬೆಳಿಗ್ಗೆಯಿಂದ ಎರಡೋ ಮೂರೋ ರೇಸ್, ನಡುವೆ ಊಟ. ಚಳಿಗಾಲದಲ್ಲಿ ‘ಫ್ರಾಸ್ಟ್‌ಬೈಟ್’ ಸರಣಿ. ಕ್ರಿಸ್‌ಮಸ್ ಮರುದಿನ ನಡೆಯುವ ರೇಸ್‌ಗೆ ಕೆಲವರು ವೇಷ ಕಟ್ಟಿಕೊಂಡು ಬರುತ್ತಾರೆ. ಜನವರಿಯಲ್ಲಿ ಕ್ವೀನ್ ಮೇರಿ ಜಲಾಶಯದ ‘ಬ್ಲಡಿ ಮೇರಿ’ ರೇಸ್‌ಗೆ ದೇಶದ ನಾನಾ ಕಡೆಯಿಂದ ದೋಣಿಗಳು ಬರುತ್ತವೆ. ಅಲ್ಲಿ ನಿಧಾನದ ದೋಣಿಗಳು ಮೊದಲು, ವೇಗದವು ಕೊನೆಗೆ ಹೊರಡುತ್ತವೆ. ಸಮಯ ಮುಗಿದಾಗ ಮುಂದಿದ್ದವರೇ ಗೆದ್ದವರು. ಲೆಕ್ಕ ಹಾಕುವ ಗೋಜಿಲ್ಲ. ಸೌತ್‌ಪೋರ್ಟ್ ಊರಿನ ಕೆರೆಯಲ್ಲಿ 1967ರಿಂದ ನಡೆದುಬಂದ 24 ಗಂಟೆಯ ರೇಸ್ ಇನ್ನೊಂದು ಹಬ್ಬ: ತಂಡಕ್ಕೊಂದು ದೋಣಿ, ಹಗಲು-ರಾತ್ರಿ ಸರದಿಯ ಮೇಲೆ ಓಡಿಸುತ್ತಾರೆ.

ದಡದ ಬದುಕು ಕ್ಲಬ್ ಮನೆಯೊಳಗೆ ನಡೆಯುತ್ತದೆ. ಒದ್ದೆ ಕೂದಲಿನವರು ಮೇಜಿನ ಸುತ್ತ ಕೂತು ಮಾರ್ಕ್‌ನ ಬಳಿ ನಡೆದದ್ದನ್ನು ಮತ್ತೆ ಆಡಿ ತೋರಿಸುತ್ತಾರೆ. ಉಪ್ಪಿನ ಡಬ್ಬಿ ಒಂದು ದೋಣಿ, ಮೆಣಸಿನ ಡಬ್ಬಿ ಇನ್ನೊಂದು, ಸಾಸ್ ಬಾಟಲಿಯೇ ಮಾರ್ಕ್. ‘ನೀನು ಇಲ್ಲಿದ್ದೆ.’ ‘ಇಲ್ಲ, ಇಲ್ಲಿದ್ದೆ’ ಎಂದು ಉಪ್ಪಿನ ಡಬ್ಬಿ ಎರಡಿಂಚು ಸರಿಯುತ್ತದೆ. ಹೊಸಬರು ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ನಿಯಮ ಪುಸ್ತಕದ ಅರ್ಧ ಭಾಗ ತಾನಾಗಿ ತಲೆಗೆ ಹತ್ತುತ್ತದೆ.

ನಮ್ಮವರಿಗೆ ಇರುವ ಕೆಲವು ಸಂಕೋಚಗಳ ಬಗ್ಗೆಯೂ ಹೇಳಬೇಕು. ಬಾರ್ ಇದೆ ಎಂದ ಮಾತ್ರಕ್ಕೆ ಕುಡಿಯಲೇಬೇಕೆಂದಿಲ್ಲ. ಚಹಾ ಹಿಡಿದು ಕೂತರೆ ಯಾರೂ ಕಾರಣ ಕೇಳುವುದಿಲ್ಲ. ಸಸ್ಯಾಹಾರಿಗಳಿಗೆ ಬೇಯಿಸಿದ ಆಲೂಗಡ್ಡೆ, ಚೀಸ್, ಸೂಪ್, ಕೇಕ್ ಸಿಗುತ್ತದೆ. ಋತು ಮುಗಿದಾಗ ನಡೆಯುವ ಬಹುಮಾನ ವಿತರಣೆಯ ಔತಣಕ್ಕೆ ಮೊದಲೇ ತಿಳಿಸಿದರೆ ಆಯಿತು. ಅಡುಗೆಮನೆ ಸರದಿ ಬಂದ ದಿನ ಚಿತ್ರಾನ್ನವನ್ನೋ ಬಿಸಿ ಬೇಳೆಸಾರನ್ನೋ ಮಾಡಿಕೊಟ್ಟು ನೋಡಿ: ಚಳಿಯಲ್ಲಿ ನೆನೆದು ಬಂದವರಿಗೆ ಅದಕ್ಕಿಂತ ಬೇಕಾದದ್ದಿಲ್ಲ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಎಪ್ಪತ್ತರವರನ್ನು ಹದಿನಾರರವರೂ ಕೂಡ. ಅಂಕಲ್, ಸರ್ ಅನ್ನದೆ ನಾಲಗೆ ಹೊರಳಿಸಲು ನಮಗೆ ಕೊಂಚ ದಿನ ಹಿಡಿಯುತ್ತದೆ.

ಸೇರುವುದು ಹೇಗೆ?

ಮೊದಲು ದೋಣಿ ಕೊಳ್ಳಬೇಡಿ. ಈ ಕ್ರಮದಲ್ಲಿ ಹೋಗಿ:

1. ನೋಡಿ ಬನ್ನಿ. ವಸಂತ ಋತುವಿನಲ್ಲಿ ಹಲವು ಕ್ಲಬ್‌ಗಳು ಹೊಸಬರಿಗೆಂದು ಬಾಗಿಲು ತೆರೆದು, ಕಡಿಮೆ ಹಣಕ್ಕೆ ಅಥವಾ ಉಚಿತವಾಗಿ ನೀರಿಗೆ ಕರೆದೊಯ್ಯುತ್ತವೆ.

2. ಕಲಿಯಿರಿ. ಆರ್‌ವೈಎಯ ಲೆವೆಲ್ 1 ಮತ್ತು 2 ತರಗತಿಗಳು ಸಾಮಾನ್ಯವಾಗಿ ಎರಡೆರಡು ದಿನದವು. ಎರಡೂ ಮುಗಿದರೆ ಹದವಾದ ಗಾಳಿಯಲ್ಲಿ ದೋಣಿ ನಡೆಸಬಹುದು. ಡಿಂಗಿ ಓಡಿಸಲು ಬ್ರಿಟನ್ನಿನಲ್ಲಿ ಚಾಲನಾ ಪರವಾನಗಿ ಬೇಕಿಲ್ಲ. ಈಜು ಬರದಿದ್ದರೆ ಮೊದಲು ಅದನ್ನು ಕಲಿಯಿರಿ.

3. ಬೇರೆಯವರ ದೋಣಿ ಹತ್ತಿ. ಇಬ್ಬರ ದೋಣಿ ಇದ್ದವರಿಗೆ ಜೊತೆಗಾರರು ಸಿಗುವುದೇ ಕಷ್ಟ. ‘ಕ್ರೂ ಬೇಕೇ’ ಎಂದು ಕೇಳಿ, ಹೇಳಿದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಹೋಗಿ. ದೋಣಿ ಹೂಡಲು ಕೈ ಹಾಕಿ, ಮುಗಿದ ಮೇಲೆ ಹೊದಿಕೆ ಕಟ್ಟುವವರೆಗೂ ಇರಿ. ದಡದಲ್ಲಿ ಯಾರಾದರೂ ಗಾಡಿ ಎಳೆಯಲು ಒದ್ದಾಡುತ್ತಿದ್ದರೆ ಹೇಳಿಸಿಕೊಳ್ಳದೆ ಹೋಗಿ ಹಿಡಿಯಿರಿ.

4. ಆಮೇಲೆ ಸದಸ್ಯತ್ವ, ಆಮೇಲೆ ದೋಣಿ. ಚಂದಾ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ದೋಣಿ ಇಡುವ ಜಾಗಕ್ಕೆ ಪ್ರತ್ಯೇಕ ಬಾಡಿಗೆ. ಕುಟುಂಬ ಸದಸ್ಯತ್ವ ಲಾಭದ್ದು. ಸೆಕೆಂಡ್ ಹ್ಯಾಂಡ್ ಲೇಸರ್ ಕೆಲವು ನೂರು ಪೌಂಡ್‌ಗಳಿಂದ ಸಿಗುತ್ತದೆ. ಕ್ಲಬ್ಬಿನಲ್ಲಿ ಹೆಚ್ಚಾಗಿ ಇರುವ ಮಾದರಿಯನ್ನೇ ಕೊಳ್ಳಿ: ಬಿಡಿಭಾಗ, ಬುದ್ಧಿಮಾತು, ಪಕ್ಕದಲ್ಲೇ ಸ್ಪರ್ಧಿ ಎಲ್ಲವೂ ಸಿಗುತ್ತದೆ. ಬೇರೆಯವರಿಗೆ ಆಗುವ ಹಾನಿಗೆ ವಿಮೆ ಕಡ್ಡಾಯ. 20–30 ಲಕ್ಷ ಪೌಂಡ್‌ಗಳ ರಕ್ಷಣೆ ಕೇಳುವುದು ಸಾಮಾನ್ಯ. ಮೊತ್ತ ದೊಡ್ಡದಾಗಿ ಕಂಡರೂ ಕಂತು ಸಣ್ಣದು.

5. ಬಟ್ಟೆ. ತೇಲು ಜಾಕೆಟ್, ವೆಟ್‌ಸೂಟ್, ರಬ್ಬರ್ ಬೂಟು, ಗಾಳಿ ತಡೆಯುವ ಮೇಲಂಗಿ. ಜೀನ್ಸ್ ಬೇಡ. ಚಳಿಗಾಲಕ್ಕೆ ಡ್ರೈಸೂಟ್. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಹಠಾತ್ ಬಿದ್ದರೆ ಉಸಿರು ಕೈಗೆ ಸಿಗುವುದಿಲ್ಲ. ಮೊದಲ ಒಂದು-ಎರಡು ನಿಮಿಷ ಏನನ್ನಾದರೂ ಹಿಡಿದು ತೇಲುತ್ತಾ ಉಸಿರು ಹದಕ್ಕೆ ಬರುವವರೆಗೆ ಕಾಯಬೇಕು.

ದೋಣಿ ಮಗುಚುವುದು ಅವಮಾನವಲ್ಲ. ಎಲ್ಲರದೂ ಮಗುಚುತ್ತದೆ. ತಳದಿಂದ ಹೊರಚಾಚಿದ ಹಲಗೆಯ ಮೇಲೆ ನಿಂತು, ಅಂಚು ಹಿಡಿದು ಹಿಂದಕ್ಕೆ ಜಗ್ಗಿದರೆ ದೋಣಿ ಏಳುತ್ತದೆ. ಏಳದಿದ್ದರೂ ದೋಣಿ ಬಿಟ್ಟು ದಡಕ್ಕೆ ಈಜಬೇಡಿ. ದೋಣಿ ತೇಲುತ್ತದೆ, ರಕ್ಷಣಾ ದೋಣಿಗೆ ನಿಮ್ಮ ತಲೆಗಿಂತ ಅದು ಬೇಗ ಕಾಣುತ್ತದೆ. ನೀರಿಗಿಳಿಸುವ ಮುನ್ನ ದೋಣಿಯ ಹಿಂಬದಿಯ ಬಿರಡೆ ಹಾಕಿದೆಯೇ ಎಂದು ಬೆರಳಿಟ್ಟು ನೋಡಿ.

ಇನ್ನು ನಮ್ಮ ಕಡೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಹಾಯಿದೋಣಿಗಳಿವೆ. 1985ರಿಂದ 1987ರ ನಡುವೆ ಸೇನೆಯವರು ಜಗತ್ತು ಸುತ್ತಿದ ‘ತೃಷ್ಣಾ’ ದೋಣಿಯ ಹೆಸರನ್ನೇ ಅವರ ಕ್ಲಬ್ಬಿಗೆ ಇಟ್ಟಿದ್ದಾರೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಳೆಗಾಲದ ಗಾಳಿಗೆ ರಾಷ್ಟ್ರಮಟ್ಟದ ರೇಸ್‌ಗಳು ನಡೆಯುತ್ತವೆ. ಚೆನ್ನೈನ ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರದು. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ನೇತ್ರಾ ಕುಮನನ್, ವಿಷ್ಣು ಸರವಣನ್ ಓಡಿಸಿದ್ದು ಇದೇ ಲೇಸರ್ ಜಾತಿಯ ದೋಣಿಗಳನ್ನು. ಇಂಗ್ಲೆಂಡಿನಲ್ಲಿ ಕಲಿತು ಊರಿಗೆ ಮರಳುವವರಿಗೆ ನಿಯಮ ಪುಸ್ತಕ, ಬಾವುಟ, ಹಾರ್ನ್ ಯಾವುದನ್ನೂ ಹೊಸದಾಗಿ ಕಲಿಯುವ ಕೆಲಸವಿಲ್ಲ.

ಯಾವ ಕ್ಲಬ್ ಆರಿಸಬೇಕು ಎಂದು ಕೇಳುವವರಿಗೆ ನನ್ನ ಪರೀಕ್ಷೆ ಸರಳ. ಕಟ್ಟಡದ ಅಂದ, ಬಾರ್‌ನ ಗಾತ್ರ ನೋಡಬೇಡಿ. ಭಾನುವಾರ ಕೊನೆಯ ರೇಸ್ ಮುಗಿಯುವ ಹೊತ್ತಿಗೆ ಹೋಗಿ ದಡದಲ್ಲಿ ನಿಲ್ಲಿ. ಕಟ್ಟಕಡೆಯದಾಗಿ ಬಂದ ದೋಣಿಯ ಗಾಡಿಯನ್ನು ನೀರಿಗಿಳಿಸಿ ಹಿಡಿಯಲು ಎಷ್ಟು ಜನ ಬರುತ್ತಾರೆ ನೋಡಿ. ಇಬ್ಬರಾದರೂ ಬಂದರೆ ಅರ್ಜಿ ತುಂಬಿ. ಯಾರೂ ಬಾರದಿದ್ದರೆ ಪಕ್ಕದ ಊರಿನ ಕೆರೆಗೆ ಹೋಗಿ.